ಶಬ್ದ ಒಡೆಯುವ ಜಾಗ

ನಮಸ್ಕಾರ. ವಿಜಯಪುರದಿಂದ ನೀವು ಕಳಿಸಿದ ‘ಅಯೋಡಿನ್ ಎಂಬ ಹೆಸರು’ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ.

ಎರಡನೇ ಪುಟದಲ್ಲಿ ‘ಆವರ್ತ ಆಮ್ಲ’ ಅಂತ ಬರೆದಿದ್ದೀರಿ. ಅಂಥ ಆಮ್ಲವೇ ಇಲ್ಲ. ಆವರ್ತ ಕೋಷ್ಟಕದ ‘ಪೀರಿಯಾಡಿಕ್’ಗೂ ಈ ಆಮ್ಲದ ಹೆಸರಿಗೂ ಇಂಗ್ಲಿಷಿನಲ್ಲಿ ಅಕ್ಷರಗಳು ಒಂದೇ. ನೀವು ಎಡವಿದ್ದು ಅಲ್ಲೇ. ಆಮ್ಲದ್ದು ಪರ್-ಅಯೋಡಿಕ್. ಅಯೋಡಿಕ್ ಆಮ್ಲಕ್ಕಿಂತ ಆಕ್ಸಿಜನ್ ಜಾಸ್ತಿ ಇದೆ ಅಂತ ತೋರಿಸಲು ಹೆಸರಿನ ಮೊದಲಿಗೆ ‘ಪರ್’ ಹಚ್ಚಿದ್ದಾರೆ. ಕೋಷ್ಟಕದ್ದು ಗ್ರೀಕಿನ ‘ಪೆರಿ’ ಮತ್ತು ‘ಹೋಡೋಸ್’, ಅಂದರೆ ಸುತ್ತಿ ಬರುವ ದಾರಿ. ಕನ್ನಡದಲ್ಲಿ ಬರೆದರೆ ಈ ಗೊಂದಲ ಹುಟ್ಟುವುದೇ ಇಲ್ಲ, ಅಲ್ವಾ? ನಾವು ಕಿವಿಗೆ ಕೇಳಿದಂತೆ ಬರೆಯುವವರು. ಇದನ್ನೇ ಲೇಖನದ ಜೀವಾಳ ಮಾಡಿ.

‘ಆವರ್ತ’ಕ್ಕೆ ಒಂದೇ ಸಾಲು ಕೊಟ್ಟಿದ್ದು ನನಗೆ ಬೇಸರ ತಂದಿತು. ತಬಲಾ ಕೇಳುತ್ತಾ ಬೆಳೆದ ಸೀಮೆ ನಮ್ಮದು. ತೀನತಾಲದ 16 ಮಾತ್ರೆ ಮುಗಿದು ಮತ್ತೆ ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ ಬಂದರೆ ಒಂದು ಆವರ್ತನ. ಧಾತುಗಳಲ್ಲೂ ಹಾಗೇ. ಕ್ಲೋರಿನ್, ಬ್ರೋಮಿನ್‌ಗಳ ಗುಣ ಅಯೋಡಿನ್‌ನಲ್ಲಿ ತಿರುಗಿ ಬರುತ್ತದೆ. ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸುತ್ತಿದ್ದರೂ, ಟೆಲ್ಯೂರಿಯಂ ಎಂಬ ಧಾತುವಿಗಿಂತ ಹಗುರವಾದ ಅಯೋಡಿನ್ನನ್ನು ಅದರ ನಂತರ ಕೂರಿಸುವ ಧೈರ್ಯ 1869ರಲ್ಲಿ ಕೋಷ್ಟಕ ರಚಿಸಿದ ಮೆಂಡಲೀವ್‌ಗೆ ಬಂದದ್ದು, ಗುಣ ತಿರುಗಿ ಬರುತ್ತದೆ ಅನ್ನುವ ಈ ನಂಬಿಕೆಯಿಂದ.

ವಿದ್ಯುದಾವೇಶ ಇರುವ ಕಣಕ್ಕೆ ಹೇಳುವ ‘ಅಯಾನ್’ನಿಂದ ಅಯೋಡಿನ್ ಬಂತು ಅಂತ ನೀವು ಬರೆದಿರುವುದೂ ತಪ್ಪು. ವಿಜ್ಞಾನಿ ಫ್ಯಾರಡೆ ಅಯಾನ್ ಶಬ್ದ ಬಳಕೆಗೆ ತಂದದ್ದು 1834ರಲ್ಲಿ. ಅಯೋಡಿನ್‌ಗೆ ಹೆಸರು ಬಿದ್ದದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಕಡಲಕಳೆಯ ಬೂದಿಯಲ್ಲಿ ಕೆಲಸ ಮಾಡುತ್ತಾ ಗಂಧಕಾಮ್ಲ ಜಾಸ್ತಿ ಸುರಿದ. ನೇರಳೆ ಹೊಗೆ ಎದ್ದಿತು. ತಣ್ಣಗಿನ ಜಾಗದಲ್ಲಿ ಕಪ್ಪು ಹರಳಾಗಿ ಕೂತಿತು. ಗ್ರೀಕಿನಲ್ಲಿ ನೇರಳೆ ಬಣ್ಣಕ್ಕಿರುವ ಶಬ್ದವೇ ಅದರ ಹೆಸರಾಯಿತು.

ಹಾಗಂತ ‘ಅಯೋಡಿನ್ ನೇರಳೆ ದ್ರವ’ ಅಂತ ಬರೆಯಬೇಡಿ. ನಿಮ್ಮ ಲೇಖನ ಓದಿದ ರಾತ್ರಿ, ಜೋಳದ ಹಿಟ್ಟಿನ ಮೇಲೆ ಟಿಂಕ್ಚರ್ ಒಂದು ಹನಿ ಬಿಟ್ಟು ನೋಡಿದೆ. ಬಾಟಲಿಯಲ್ಲಿ ಕಂದು, ಹಿಟ್ಟಿನ ಮೇಲೆ ಕರಿನೀಲಿ. ನೇರಳೆ ಎಲ್ಲೂ ಇಲ್ಲ. ಅದು ಹೊಗೆಯ ಬಣ್ಣ. ನೀವೂ ಹೀಗೆ ಮಾಡಿ ನೋಡಿ, ಆಮೇಲೆ ಬರೆಯಿರಿ.

‘ವಿಜ್ಞಾನವು ಮಾನವಕುಲದ’ ಅಂತ ಶುರುವಾಗುವ ಪ್ಯಾರಾ ಪೂರ್ತಿ ತೆಗೆಯಿರಿ. ಸುಮ್ನೆ ಜಾಗ ತಿಂದಿದೆ. ಅಜ್ಜಿ ನಿಮ್ಮ ಮೊಣಕಾಲಿಗೆ ಟಿಂಕ್ಚರ್ ಹಚ್ಚಿ ಉಫ್ ಅಂತ ಊದಿದ್ದು ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ. ಅಲ್ಲಿಂದಲೇ ಶುರು ಮಾಡಿ. ಮುಂದಿನ ತಿಂಗಳ 10ರೊಳಗೆ ಬೆಳಗಾವಿಗೆ ಕಳಿಸಿದರೆ ನಾನೇ ಕೂತು ನೋಡುತ್ತೇನೆ.