ಮಂಡಿ ಸವೆದಿದ್ದರೆ ನಡೆಯೋದು ನಿಲ್ಲಿಸಬೇಡಿ
ಅಮ್ಮನಿಗೆ 62 ವರ್ಷ, ಎಕ್ಸ್‌ರೇಯಲ್ಲಿ ಮಂಡಿ ಸವೆದಿದೆ ಅಂತ ಬಂದಿದೆ, ಇನ್ನು ನಡೆಯಲೇಬಾರದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಆಗ ನೋವು ಇನ್ನೂ ಜಾಸ್ತಿಯಾಗುತ್ತದೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸುವುದು, ಹೀಗೆ 10 ಸಲ, ಇಷ್ಟರಿಂದ ಶುರು ಮಾಡಿಸಿ. ಮೊದಮೊದಲು ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನಕ್ಕೂ ಉಳಿದರೆ ಕಡಿಮೆ ಮಾಡಿ. ತೂಕ ಹೆಚ್ಚಿದ್ದರೆ 1 ಕೆಜಿ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕೆಜಿ ಭಾರ ತಗ್ಗುತ್ತದೆ. ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ, ಮಾತ್ರೆ ಆಮೇಲೆ, ಅದೂ ವೈದ್ಯರನ್ನು ಕೇಳಿಯೇ. ಎಕ್ಸ್‌ರೇ ನೋಡಿ ಗಾಬರಿ ಬೇಡ, ಸವೆತಕ್ಕೂ ನೋವಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಮಾತ್ರ ಅದೇ ದಿನ ತೋರಿಸಿ.