ಅದು ನಮ್ಮ ಜಂಬುಕೋಳಿಯಲ್ಲ, ಅದರ ದಾಯಾದಿ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಚಿತ್ರ ನೋಡಿ ತುಮಕೂರಿನಿಂದ ಬರೆದಿದ್ದೀರಿ: "ನ್ಯೂಜಿಲೆಂಡಿನ ಟಕಾಹೆ ಎಂದು ನೀವು ಹಾಕಿರುವುದು ನಮ್ಮೂರ ಕೆರೆಯ ನೇರಳೆ ಜಂಬುಕೋಳಿ. ಅದು ಕಾಲು ಜೋತುಬಿಟ್ಟುಕೊಂಡು ಹಾರುವುದನ್ನು ದಿನಾ ನೋಡುತ್ತೇನೆ. ಹಾರಲಾರದ ಹಕ್ಕಿ ಎಂದು ಹೇಗೆ ಬರೆದಿರಿ?"

ನಿಮ್ಮ ಕಣ್ಣು ಪೂರ್ತಿ ಮೋಸ ಹೋಗಿಲ್ಲ. ಎರಡೂ ಒಂದೇ ಕುಲದವು. ಅದೇ ನೀಲಿ ಮೈ, ಅದೇ ಕೆಂಪು ಕೊಕ್ಕು, ಹಣೆಯ ಮೇಲೆ ಅದೇ ಕೆಂಪು ಫಲಕ. ಆದರೆ ನಿಮ್ಮ ಕೆರೆಯ ಹಕ್ಕಿ 1 ಕಿಲೋ ತೂಗಿದರೆ ಹೆಚ್ಚು. ಟಕಾಹೆ 3 ಕಿಲೋ ಆಸುಪಾಸು. ಹಾರಿ ಬಂದ ಅದರ ಪೂರ್ವಜರಿಗೆ ಆ ದ್ವೀಪಗಳಲ್ಲಿ ನೆಲದ ಮೇಲೆ ಬೇಟೆಯಾಡುವ ಸಸ್ತನಿಗಳ ಭಯವೇ ಇರಲಿಲ್ಲ. ಹಾಗಾಗಿ ತಲೆಮಾರುಗಳು ಕಳೆದಂತೆ ಹಾರುವ ಶಕ್ತಿಯೇ ಹೋಯಿತು. ಈಗ ರೆಕ್ಕೆ ಇರುವುದು ಜೋಡಿಯ ಮುಂದೆ ಮೆರೆಯಲು, ಎದುರಾಳಿಯ ಮುಂದೆ ಬೀಸಲು.

ನನಗೆ ತುಂಬ ಇಷ್ಟವಾಗುವುದು ಅದರ ಊಟದ ರೀತಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮರ್ಚಿಸನ್ ಬೆಟ್ಟಗಳಲ್ಲಿ, ಮರಗಳು ಮುಗಿದ ಮೇಲೆ ಸಿಗುವ ಹುಲ್ಲುಗಾವಲು ಅದರ ಬೇಸಿಗೆಯ ಮನೆ. ಹುಲ್ಲಿನ ಒಂದು ದಂಟನ್ನು ಕೊಕ್ಕಿನಿಂದ ಕಿತ್ತು, ಕಾಲಲ್ಲಿ ಹಿಡಿದು, ಬುಡದ ಎಳೆಯ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಬಿಸಾಡುತ್ತದೆ. ಜಂಬುಕೋಳಿ ಜೊಂಡು ತಿನ್ನುವ ವರಸೆಯೂ ಇದೇ, ನೀವು ನೋಡಿರುತ್ತೀರಿ. ಹುಲ್ಲಿನಲ್ಲಿ ಸತ್ವ ಕಡಿಮೆ. ಹಾಗಾಗಿ ಹಗಲಿನ ಬಹುಪಾಲು ಮೇಯುತ್ತಲೇ ಇರಬೇಕು. ಹಿಮ ಮುಚ್ಚಿದಾಗ ಕೆಳಗಿನ ಕಾಡಿಗಿಳಿದು ಜರೀಗಿಡದ ನೆಲದಡಿಯ ಕಾಂಡ ಅಗೆದು ತಿನ್ನುತ್ತದೆ. ಮರಿಗಳಿಗೆ ಹುಳುಹುಪ್ಪಟೆಯೂ ಬೇಕು.

ಯುರೋಪಿನಿಂದ ತಂದು ಬಿಟ್ಟ ಕೆಂಪು ಜಿಂಕೆ ಅದೇ ಹುಲ್ಲಿಗೆ ಬಾಯಿ ಹಾಕಿತು. ಸ್ಟೋಟ್ ಎಂಬ ಪುಟ್ಟ ಬೇಟೆಗಾರ ಪ್ರಾಣಿ ಹಕ್ಕಿಗೇ ಬಾಯಿ ಹಾಕಿತು. 1898ರ ನಂತರ ಟಕಾಹೆ ಅಳಿದೇಹೋಯಿತೆಂದು ನಂಬಿದ್ದರು. 1948ರ ನವೆಂಬರಿನಲ್ಲಿ ಜೆಫ್ರಿ ಆರ್ಬೆಲ್ ಎಂಬ ವೈದ್ಯರು ಅದೇ ಬೆಟ್ಟಗಳಲ್ಲಿ ಅದನ್ನು ಮತ್ತೆ ಕಂಡರು. 2023ರ ಹೊತ್ತಿಗೆ ಸಂಖ್ಯೆ 500ರ ಸಮೀಪ ಬಂದಿತ್ತು.

ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯಲು ಕಾರಣವಿದೆ. ಜಂಬುಕೋಳಿಯ ಹತ್ತಿರದ ನಂಟ ಪುಕೇಕೊ ನ್ಯೂಜಿಲೆಂಡಿನಲ್ಲಿ ಧಾರಾಳವಾಗಿದೆ, ಚೆನ್ನಾಗಿ ಹಾರುತ್ತದೆ. 2015ರಲ್ಲಿ ಮೊಟುಟಪು ದ್ವೀಪದಲ್ಲಿ ಪುಕೇಕೊಗಳ ಸಂಖ್ಯೆ ತಗ್ಗಿಸಲು ಹೋದವರು ಪುಕೇಕೊ ಎಂದೇ ತಿಳಿದು ನಾಲ್ಕು ಟಕಾಹೆಗಳನ್ನು ಕೊಂದರು. ಅವರು ಅನುಭವವಿದ್ದ ಬೇಟೆಗಾರರು. ಆಗ ಜಗತ್ತಿನಲ್ಲಿ ಉಳಿದಿದ್ದದ್ದೇ 300ರಷ್ಟು. ಆ ಸುದ್ದಿ ಓದಿದಾಗಿನ ಸಂಕಟ ನನಗಿನ್ನೂ ಹೋಗಿಲ್ಲ.

ಚಿತ್ರದಡಿ ಹಕ್ಕಿಯ ಗಾತ್ರ ತಿಳಿಸದೆ ಹೋದದ್ದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಮುದ್ರಿಸುತ್ತೇವೆ. ನಿಮ್ಮ ಕೆರೆಯ ಜಂಬುಕೋಳಿಯ ಫೋಟೋ ಇದ್ದರೆ ದಯವಿಟ್ಟು ಕಳುಹಿಸಿ.

– ಸಂ.