ಹೈ ಸೆಕ್ಯೂರಿಟಿ ಮಾನಸಿಕ ಆಸ್ಪತ್ರೇಲಿ ಕೆಲಸ: ಅದು ಜೈಲಲ್ಲ ತಂಗಿ

ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿ ಈಗಷ್ಟೇ ಇಂಗ್ಲೆಂಡಿಗೆ ಬಂದಿದೀನಿ, ಹೈ ಸೆಕ್ಯೂರಿಟಿ ಆಸ್ಪತ್ರೆಗೆ ಅಪ್ಲೈ ಮಾಡ್ಲಾ, ಅದು ಜೈಲಾ ಆಸ್ಪತ್ರೆನಾ, ಅಮ್ಮ ಹೆದರ್ತಿದಾರೆ ಅಂತ ಕೇಳಿದ್ಯಲ್ಲ ತಂಗಿ. ನಾನು ಇಲ್ಲಿ ಮೀಡಿಯಂ ಸೆಕ್ಯೂರ್ ಯೂನಿಟ್‌ನಲ್ಲಿ (ಅದಕ್ಕಿಂತ ಒಂದು ಹಂತ ಕಡಿಮೆ ಭದ್ರತೆಯ ಮಾನಸಿಕ ಆಸ್ಪತ್ರೆ) ನರ್ಸು, ಅಲ್ಲಿ ಸುಧಾರಿಸಿಕೊಂಡವರು ಮುಂದೆ ಬರೋದು ನಮ್ಮಂಥ ವಾರ್ಡಿಗೇ, ಹಾಗಾಗಿ ಗೊತ್ತಿರೋದು ಹೇಳ್ತೀನಿ.

ಇಂಗ್ಲೆಂಡಲ್ಲಿ ಇಂಥವು ಮೂರೇ, ಬರ್ಕ್‌ಶೈರ್‌ನ ಬ್ರಾಡ್‌ಮೂರ್ (1863ರಿಂದ ಇದೆ), ನಾಟಿಂಗ್‌ಹ್ಯಾಮ್‌ಶೈರ್‌ನ ರ‍್ಯಾಂಪ್ಟನ್, ಲಿವರ್‌ಪೂಲ್ ಹತ್ರದ ಆಶ್ವರ್ತ್. ಮೂರೂ ಎನ್‌ಎಚ್‌ಎಸ್‌ದೇ, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆದು. ಹೆಣ್ಣುಮಕ್ಕಳ ವಾರ್ಡ್ ಇರೋದು ರ‍್ಯಾಂಪ್ಟನ್‌ನಲ್ಲಿ ಮಾತ್ರ.

ಅಲ್ಲಿಗೆ ಅಡ್ಮಿಟ್ ಆಗೋದು ಸುಲಭ ಅಲ್ಲ. ಕೋರ್ಟಿಂದ, ಜೈಲಿಂದ, ಇಲ್ಲಾ ನಮ್ಮಂಥ ಯೂನಿಟ್‌ನಲ್ಲಿ ನಿಭಾಯಿಸೋಕೆ ಆಗ್ದೇ ಇದ್ದಾಗ ರೆಫರಲ್ ಹೋಗತ್ತೆ, ಅವರ ಟೀಮ್ ಬಂದು ಪೇಷಂಟ್‌ನ ನೋಡಿ ಮಾತಾಡಿಸಿ ರಿಪೋರ್ಟ್ ಬರೆಯತ್ತೆ, ಆಮೇಲೆ ಪ್ಯಾನೆಲ್ ತೀರ್ಮಾನ ಮಾಡತ್ತೆ. ಕಾಯಿಲೆಯೂ ಇರಬೇಕು, ಬೇರೆಯವರಿಗೆ ದೊಡ್ಡ ಅಪಾಯವೂ ಇರಬೇಕು, ಕಡಿಮೆ ಭದ್ರತೆ ಜಾಗದಲ್ಲಿ ನೋಡಿಕೊಳ್ಳೋಕೆ ಆಗಲ್ಲ ಅನ್ನೋದೂ ಖಾತ್ರಿ ಆಗಬೇಕು. ಕಾನೂನು 1983ರ ಮೆಂಟಲ್ ಹೆಲ್ತ್ ಆಕ್ಟ್. ಇಬ್ಬರು ಡಾಕ್ಟರ್ ಹೇಳಿಕೆ ಮೇಲೆ ಕೋರ್ಟು ಜೈಲಿನ ಬದಲು ಸೆಕ್ಷನ್ 37ರಲ್ಲಿ ಆಸ್ಪತ್ರೆಗೆ ಕಳಿಸಬಹುದು, ಅದರ ಜೊತೆ ಕ್ರೌನ್ ಕೋರ್ಟು (ದೊಡ್ಡ ಅಪರಾಧಗಳ ಕೋರ್ಟು) ಸೆಕ್ಷನ್ 41ರ ನಿರ್ಬಂಧ ಹಾಕಿದ್ರೆ ಹೊರಗೆ ಕರ್ಕೊಂಡು ಹೋಗೋಕೂ ನ್ಯಾಯ ಇಲಾಖೆ ಅನುಮತಿ ಬೇಕು. ಶಿಕ್ಷೆ ಆಗಿ ಜೈಲಲ್ಲಿದ್ದು ಅಲ್ಲಿಂದ ಬರೋರಿಗೆ ಸೆಕ್ಷನ್ 47. ಶಿಕ್ಷೆನೇ ಆಗದೆ ಬರೀ ಚಿಕಿತ್ಸೆಗೆ ಅಂತ ಸೆಕ್ಷನ್ 3ರಲ್ಲಿ ಇರೋರೂ ಇದಾರೆ, ಇದನ್ನ ಅಮ್ಮಂಗೆ ಹೇಳು.

ಗೇಟಲ್ಲಿ ಏರ್‌ಪೋರ್ಟ್ ಥರ ಚೆಕಿಂಗು, ಮೊಬೈಲ್ ಹೊರಗೇ ಇಡಬೇಕು, ಸೊಂಟದಲ್ಲಿ ಕೀ, ಅಲಾರಂ. ಅದು ಬೇಗ ಅಭ್ಯಾಸ ಆಗತ್ತೆ. ನಿಜವಾದ ಕೆಲಸ ವಾರ್ಡ್ ಒಳಗೆ. ಬೇರೆ ಮಾತ್ರೆ ಕೆಲಸ ಮಾಡದವರಿಗೆ ಕ್ಲೋಜಪಿನ್ ಕೊಡ್ತಾರೆ, ಮೊದಲ 18 ವಾರ ವಾರವಾರ ರಕ್ತ ಪರೀಕ್ಷೆ, ತೂಕ, ಶುಗರ್, ಮತ್ತೆ ಮಲಬದ್ಧತೆ, ಅದನ್ನ ದಯವಿಟ್ಟು ಹಗುರವಾಗಿ ತಗೋಬೇಡ, ಆ ಮಾತ್ರೇಲಿ ಅದರಿಂದ ಪ್ರಾಣವೇ ಹೋಗಬಹುದು. ಒಬ್ಬರನ್ನೇ ಸೆಕ್ಲೂಶನ್ ರೂಮಲ್ಲಿ ಇಡಬೇಕಾಗಿ ಬಂದ್ರೆ ಹಾಕಿ ಬೀಗ ಹಾಕೋದಲ್ಲ, ಯಾರಾದ್ರೂ ನೋಡ್ತಾನೇ ಇರಬೇಕು, ಎರಡು ಗಂಟೆಗೊಮ್ಮೆ ಇಬ್ಬರು ನರ್ಸ್, ಶುರುವಿನಲ್ಲಿ ನಾಲ್ಕು ಗಂಟೆಗೊಮ್ಮೆ ಡಾಕ್ಟರ್ ರಿವ್ಯೂ. ಸೈಕಾಲಜಿಸ್ಟ್, ಆಕ್ಯುಪೇಶನಲ್ ಥೆರಪಿ (ದಿನನಿತ್ಯದ ಕೆಲಸ ಮಾಡೋಕೆ ಕಲಿಸೋದು), ಪಾಠ, ಜಿಮ್ ಎಲ್ಲ ಇರತ್ತೆ. ಕಾಯಿಲೆ ಜೋರಾದಾಗ ಹೆತ್ತವರ ಮೇಲೇ ಕೈ ಮಾಡಿದವರು ಸ್ವಲ್ಪ ಹುಷಾರಾದ ಮೇಲೆ ಅದನ್ನ ನೆನೆಸಿಕೊಂಡು ಕುಸಿದು ಹೋಗ್ತಾರೆ, ಆಗ ಪಕ್ಕದಲ್ಲಿ ಕೂರೋದು ನರ್ಸೇ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಕಷ್ಟದ್ದೂ ಅತಿ ಮುಖ್ಯದ್ದೂ ಅದೇ.

ಒಳಗೆ ಹೋದವರು ಅಲ್ಲೇ ಕೊಳೀತಾರೆ ಅಂತ ಜನ ಅಂದ್ಕೊಳ್ಳೋದೂ ತಪ್ಪು. ಬಿಡುಗಡೆ ಕೇಳಿ ಟ್ರಿಬ್ಯೂನಲ್‌ಗೆ ಹೋಗೋ ಹಕ್ಕಿದೆ, ವಕೀಲರು ಉಚಿತ. ವರ್ಷಗಟ್ಟಲೆ ಆಗತ್ತೆ ನಿಜ, ಆದ್ರೆ ಹೆಚ್ಚಿನವರು ಮೀಡಿಯಂ, ಲೋ ಸೆಕ್ಯೂರ್ ಅಂತ ಹಂತಹಂತವಾಗಿ ಹೊರಗೆ ಬರ್ತಾರೆ.

ಅಪ್ಲೈ ಮಾಡೋ ಮುಂಚೆ ನಿನ್ನ ಎನ್‌ಎಂಸಿ (ಇಲ್ಲಿ ನರ್ಸ್‌ಗಳನ್ನ ನೋಂದಾಯಿಸೋ ಕೌನ್ಸಿಲ್) ರಿಜಿಸ್ಟ್ರೇಶನ್ ಅಡಲ್ಟ್ (ಸಾಮಾನ್ಯ) ನರ್ಸಿಂಗ್‌ದಾ ಮೆಂಟಲ್ ಹೆಲ್ತ್‌ದಾ ನೋಡ್ಕೋ, ನಮ್ಮ ಕಡೆಯವರು ಸುಮಾರು ಜನ ಅಡಲ್ಟ್ ಪರೀಕ್ಷೆ ಬರೆದು ಬಂದಿರ್ತಾರೆ. ಇಂಟರ್‌ವ್ಯೂನಲ್ಲಿ ಟ್ರೈನಿಂಗ್ ಎಷ್ಟು ದಿನ, ಏನಾದ್ರೂ ಗಲಾಟೆ ಆದ್ಮೇಲೆ ಸ್ಟಾಫ್ ಜೊತೆ ಯಾರು ಕೂತು ಮಾತಾಡ್ತಾರೆ, ಸೂಪರ್‌ವಿಷನ್ ಹೇಗೆ ಅಂತ ಬಾಯಿಬಿಟ್ಟು ಕೇಳು. ಸರಿಯಾಗಿ ಉತ್ತರ ಕೊಟ್ರೆ ಧೈರ್ಯವಾಗಿ ಹೋಗು.